ಕ್ಲೋನಾರ್ಡಿನ ಕಲ್ಲುತೊಟ್ಟಿ

ಕೇಳುಗರಿಗೆ ನಮಸ್ಕಾರ.

ಐರ್ಲೆಂಡಿನ ಮೀತ್ ಜಿಲ್ಲೆಯಲ್ಲಿ, ಬಾಯ್ನ್ ನದಿಯ ಸಮೀಪ, ಕ್ಲೋನಾರ್ಡ್ ಎಂಬ ಸಣ್ಣ ಊರಿದೆ. ಅಲ್ಲಿನ ಸಂತ ಫಿನ್ನಿಯನ್ ಚರ್ಚಿನಲ್ಲಿ ಹದಿನೈದನೇ ಶತಮಾನದ ಜ್ಞಾನಸ್ನಾನದ, ಎಂದರೆ ಕೂಸನ್ನು ನೀರಿನ ಮೂಲಕ ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ಸಂಸ್ಕಾರದ, ತೊಟ್ಟಿಯೊಂದಿದೆ. ಬೂದು ಬಣ್ಣದ ಸುಣ್ಣಕಲ್ಲಿನದು, ಎಂಟು ಮುಖಗಳದು. ಇವತ್ತಿನ ನನ್ನ ಮಾತು ಆ ತೊಟ್ಟಿಯ ಕುರಿತು.

ಕ್ಲೋನಾರ್ಡ್ ಒಂದು ಕಾಲಕ್ಕೆ ದೊಡ್ಡ ಹೆಸರು. ಆರನೇ ಶತಮಾನದಲ್ಲಿ ಫಿನ್ನಿಯನ್ ಇಲ್ಲಿ ಮಠ ಕಟ್ಟಿದ. ವಿದ್ಯೆ ಅರಸಿ ದೂರದೂರದಿಂದ ಜನ ಬಂದರು. ಮುಂದೆ ಅಯೋನಾ ದ್ವೀಪದಲ್ಲಿ ಮಠ ಸ್ಥಾಪಿಸಿದ ಕೊಲಂಬಾ ಕೂಡ ಅವನ ಶಿಷ್ಯನೆಂದು ಪರಂಪರೆ ಹೇಳುತ್ತದೆ. 1202ರಲ್ಲಿ ಧರ್ಮಾಧ್ಯಕ್ಷ (ಬಿಷಪ್) ಸೈಮನ್ ಡಿ ರೋಷ್‌ಫೋರ್ಟ್ ತನ್ನ ಪೀಠವನ್ನು ಟ್ರಿಮ್ ಬಳಿಗೆ ಸಾಗಿಸಿದ ಮೇಲೆ ಊರಿನ ಕಳೆ ಕುಂದಿತು. ಇಂದು ಆ ಮಠದ ವೈಭವ ಹುಡುಕಿದರೂ ಸಿಗದು. ತೊಟ್ಟಿ ಮಾತ್ರ ಗಟ್ಟಿಯಾಗಿ ನಿಂತಿದೆ.

ಅದರ ಮೈಮೇಲಿನ ಕೆತ್ತನೆಗಳನ್ನು ನಿಧಾನವಾಗಿ ನೋಡಬೇಕು. ಒಂದು ಫಲಕದಲ್ಲಿ ಯೋರ್ದಾನ್ ನದಿಯಲ್ಲಿ ಯೇಸುವಿಗೆ ಸ್ನಾನಿಕ ಯೋಹಾನನಿಂದ ಜ್ಞಾನಸ್ನಾನ. ತೊಟ್ಟಿಯ ಕೆಲಸವೇ ಅದಾದ್ದರಿಂದ ಈ ದೃಶ್ಯ ಅಲ್ಲಿರುವುದು ಸಹಜ. ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಫಲಕ: ಕೂಸುಗಳನ್ನು ಕೊಲ್ಲಿಸಹೊರಟ ದೊರೆ ಹೆರೋದನ ಕತ್ತಿಗೆ ಹೆದರಿ ಈಜಿಪ್ಟಿಗೆ ಹೊರಟ ಯೇಸುವಿನ ಕುಟುಂಬ. ಕತ್ತೆಯ ಮೇಲೆ ಮರಿಯ, ಮಡಿಲಲ್ಲಿ ಕೂಸು, ಜೊತೆಗೆ ಜೋಸೆಫ್. ಮಗುವನ್ನು ಎತ್ತಿಕೊಂಡು ಚರ್ಚಿಗೆ ಬಂದ ಬಡ ತಾಯಿಗೆ ಈ ಕಲ್ಲಿನ ತಾಯಿ ಎಷ್ಟು ಹತ್ತಿರದವಳಾಗಿ ಕಂಡಿರಬೇಕು! ಹೆತ್ತ ಕೂಸು ಬದುಕಿ ಉಳಿದೀತೇ ಎಂಬ ಆತಂಕ ಮನೆಮನೆಯಲ್ಲೂ ಇದ್ದ ಕಾಲ ಅದು. ಶಿಲ್ಪಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೀಲಿಕೈ ಹಿಡಿದ ಯೇಸುವಿನ ಶಿಷ್ಯ ಪೇತ್ರನನ್ನು ಕೆತ್ತಿದ, ಧರ್ಮಾಧ್ಯಕ್ಷನ ಉಡುಪಿನಲ್ಲಿ ಫಿನ್ನಿಯನ್‌ನನ್ನೂ ಕೆತ್ತಿದ. ಬೈಬಲಿನ ಮಹನೀಯರ ಸಾಲಿನಲ್ಲಿ ತಮ್ಮೂರಿನ ಗುರುವಿಗೂ ಒಂದು ಜಾಗ. ಆ ಅಭಿಮಾನ ನನಗೆ ತುಂಬ ಹಿಡಿಸುತ್ತದೆ.

ಮಧ್ಯಯುಗದ ತೊಟ್ಟಿಗಳು ಇಷ್ಟು ದೊಡ್ಡವಾಗಿರಲು ಕಾರಣವಿದೆ. ಆಗ ಕೂಸಿನ ಹಣೆಗೆ ನೀರು ಹನಿಸಿ ಮುಗಿಸುತ್ತಿರಲಿಲ್ಲ, ಮೈಯನ್ನೇ ನೀರಿನಲ್ಲಿ ಮುಳುಗಿಸುತ್ತಿದ್ದರು. ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಮಂತ್ರಿಸಿದ ನೀರನ್ನು ತೊಟ್ಟಿಯಲ್ಲೇ ಕಾಪಾಡುತ್ತಿದ್ದರು. ಕಲ್ಲು ನೀರು ಹೀರದಿರಲೆಂದು ಒಳಮೈಗೆ ಸೀಸದ ತಗಡು ಹೊದಿಸುವುದು ರೂಢಿ. ತಳದಲ್ಲೊಂದು ತೂತು, ಹಳೆಯ ನೀರು ಯಾರ ಕೈಗೂ ಸಿಗದೆ ನೇರವಾಗಿ ಮಣ್ಣಿಗೆ ಇಳಿಯಬೇಕು. ಮೇಲೆ ಮುಚ್ಚಳ, ಅದಕ್ಕೆ ಬೀಗ. ಆ ನೀರನ್ನು ಕದ್ದು ಮಾಟಕ್ಕೆ ಬಳಸಿಯಾರು ಎಂಬ ಭಯ ಆಗ ನಿಜವಾಗಿಯೂ ಇತ್ತು.

ತೊಟ್ಟಿಗೆ ಅಷ್ಟೊಂದು ಮಹತ್ವ ಬಂದ ಬಗೆ ತಿಳಿಯಲು 1171-72ರ ಚಳಿಗಾಲಕ್ಕೆ ಹೋಗಬೇಕು. ಇಂಗ್ಲೆಂಡಿನ ಅರಸ ಎರಡನೇ ಹೆನ್ರಿ ಐರ್ಲೆಂಡಿಗೆ ಬಂದಿದ್ದ. ಕ್ಯಾಶೆಲ್‌ ಊರಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ, ಮಕ್ಕಳಿಗೆ ಚರ್ಚಿನ ಪವಿತ್ರ ತೊಟ್ಟಿಯಲ್ಲೇ ಜ್ಞಾನಸ್ನಾನ ಆಗಬೇಕೆಂದು ಕಟ್ಟಳೆ ಮಾಡಿತು. ಅದಕ್ಕೆ ಮುಂಚೆ ತಂದೆಯೋ ಮತ್ತೊಬ್ಬರೋ ಕೂಸನ್ನು ಮೂರು ಬಾರಿ ನೀರಿನಲ್ಲಿ ಅದ್ದುತ್ತಿದ್ದರು, ಸಿರಿವಂತರ ಮಗುವಾದರೆ ಹಾಲಿನಲ್ಲಿ ಅದ್ದುತ್ತಿದ್ದರು ಎಂದು ಆ ಕಾಲದ ಇಂಗ್ಲಿಷ್ ಇತಿಹಾಸಕಾರನೊಬ್ಬ ಬರೆದಿದ್ದಾನೆ. ಗೆಲ್ಲಲು ಬಂದವರ ಕಡೆಯವನ ಮಾತು ಅದು, ಪೂರ್ತಿ ನಂಬಬೇಕಿಲ್ಲ. ಆದರೆ ಹಾಲೋ ನೀರೋ ಎಂಬ ಭೇದವಿಲ್ಲದೆ ಬಡವನ ಮಗುವೂ ಒಡೆಯನ ಮಗುವೂ ಒಂದೇ ತೊಟ್ಟಿಗೆ ಇಳಿಯುವಂತಾದದ್ದು ಸಣ್ಣ ಸಂಗತಿಯಲ್ಲ. ಧರ್ಮಕೇಂದ್ರಗಳಿಗೂ ತೊಟ್ಟಿಯೇ ಗುರುತಾಯಿತು: ಯಾವ ಚರ್ಚಿನ ತೊಟ್ಟಿಯಲ್ಲಿ ಮಿಂದೆಯೋ ಆ ಚರ್ಚಿಗೆ ನೀನು ಸೇರಿದವನು.

ಮೀತ್‌ನಲ್ಲಿ ಇಂಥ ತೊಟ್ಟಿಗಳು ಇನ್ನೂ ಹಲವಿವೆ. ನಾವನ್ ಪಟ್ಟಣದ ಬಳಿ, ಜಾನ್ಸ್‌ಟೌನ್ ಚರ್ಚಿನಲ್ಲಿರುವ ಕಿಲ್‌ಕಾರ್ನ್ ತೊಟ್ಟಿಯ ಸುತ್ತ ಯೇಸುವಿನ ಹನ್ನೆರಡು ಮಂದಿ ಪ್ರಮುಖ ಶಿಷ್ಯರಾದ ಅಪೊಸ್ತಲರು ನಿಂತಿದ್ದಾರೆ. ಅವರೊಂದಿಗೆ ಕ್ರಿಸ್ತ ಮತ್ತು ಕಿರೀಟ ತೊಟ್ಟ ಮರಿಯ. ಹೆಲೆನ್ ರೋ ಎಂಬ ವಿದುಷಿ ಈ ತೊಟ್ಟಿಗಳನ್ನು ಅಧ್ಯಯನ ಮಾಡಿ 1968ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಮೀತ್‌ಗೆ ಹೋದವರು ನ್ಯೂಗ್ರೇಂಜ್‌ನ ಪುರಾತನ ಸಮಾಧಿ ನೋಡುತ್ತಾರೆ, ಟಾರಾ ಗುಡ್ಡ ಹತ್ತುತ್ತಾರೆ. ಕ್ಲೋನಾರ್ಡಿಗೂ ಒಂದು ಗಳಿಗೆ ಮೀಸಲಿಡಿ ಎಂದು ಅವರನ್ನು ಕೇಳಿಕೊಳ್ಳುತ್ತೇನೆ. ತೊಟ್ಟಿಯನ್ನು ಒಂದು ಸುತ್ತು ಬನ್ನಿ, ಆ ಕತ್ತೆಯ ಮೇಲಿನ ತಾಯಿಯನ್ನು ಮರೆಯದೆ ನೋಡಿ. ನಮಸ್ಕಾರ.