ಸಿಮೆಂಟ್ ಚೀಲದಲ್ಲಿ 1982

ಕೇಳುಗರಿಗೆ ನಮಸ್ಕಾರ.

ಕಟ್ಟಡ ಕಂಪನಿಗೆ ಐವತ್ತು ತುಂಬಿತು ಅಂದರೆ ಸ್ಮರಣ ಸಂಚಿಕೆ ಹೊರಡುತ್ತದೆ. ವರ್ಷಕ್ಕೊಂದು ಪುಟ. ಎಡಗಡೆ ಕಂಪನಿ ಕಟ್ಟಿದ್ದು, ಬಲಗಡೆ ದೇಶದಲ್ಲಿ ನಡೆದದ್ದು. ಬಲಗಡೆಯದ್ದನ್ನು ಯಾರೋ ಸಾಮಾನ್ಯ ಜ್ಞಾನದ ಪುಸ್ತಕದಿಂದ ಎತ್ತಿ ಬರೆದಿರುತ್ತಾರೆ, ಎಡಕ್ಕೂ ಬಲಕ್ಕೂ ಮಾತುಕತೆಯೇ ಇರುವುದಿಲ್ಲ. ದೇಶದ ಸುದ್ದಿ ಕಂಪನಿಯ ಚೀಲ, ಕಂಬಿ, ಕೂಲಿ, ನೀರು ಇವುಗಳಲ್ಲಿ ಒಂದಕ್ಕಾದರೂ ತಾಗಿದ್ದರೆ ಮಾತ್ರ ಆ ಪುಟದಲ್ಲಿ ಅದಕ್ಕೆ ಜಾಗ. ಇವತ್ತು ಕೋಲಾರ ಜಿಲ್ಲೆಯ ಗುತ್ತಿಗೆದಾರರ ಕಣ್ಣಿನಿಂದ 1982ನ್ನು ಹಾಗೆ ಓದಿ ನೋಡೋಣ.

ಮೊದಲು, ಯಾವ 1982? ಲೆಕ್ಕದ ವರ್ಷ ಎಲ್ಲರಿಗೂ ಮಾರ್ಚ್ 31ಕ್ಕೇ ಮುಗಿಯಬೇಕು ಎಂದು ಆದಾಯ ತೆರಿಗೆಯವರು ಕಡ್ಡಾಯ ಮಾಡಿದ್ದು 1989ರಲ್ಲಿ. ಅದಕ್ಕೆ ಮೊದಲು ದೀಪಾವಳಿಯಿಂದ ದೀಪಾವಳಿಗೆ ಖಾತೆ ಬರೆಯುವವರೂ ಇದ್ದರು. ಆ ವರ್ಷ ದೀಪಾವಳಿ ಬಂದದ್ದು ನವೆಂಬರ್ 15ಕ್ಕೆ, ದೆಹಲಿಯ ಏಷ್ಯನ್ ಕ್ರೀಡಾಕೂಟ ಶುರುವಾದದ್ದು 19ಕ್ಕೆ. ಹಬ್ಬದ ಲೆಕ್ಕದ ಖಾತೆಯಲ್ಲಿ ಕ್ರೀಡಾಕೂಟ ಮುಂದಿನ ವರ್ಷಕ್ಕೆ ಬೀಳುತ್ತದೆ. ಪುಸ್ತಕದ ಮೊದಲ ಹಾಳೆ ನೋಡದೆ ತಾರೀಖು ಜೋಡಿಸಬೇಡಿ. ಹಾಗೆಯೇ ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಮಾಡಿದ ಕೆಲಸಕ್ಕೆ ಚಿಕ್ಕಬಳ್ಳಾಪುರ ಜಿಲ್ಲೆ ಎಂದು ಬರೆಯಬೇಡಿ. ಆ ಜಿಲ್ಲೆ ಆದದ್ದು 2007ರಲ್ಲಿ. ಆಗ ಅದೆಲ್ಲ ಕೋಲಾರವೇ.

ಈಗ ಸಿಮೆಂಟ್. ಆ ವರ್ಷದ ನಿಜವಾದ ಸುದ್ದಿ ಇದೇ. ಅಲ್ಲಿಯವರೆಗೆ ಸಿಮೆಂಟಿನ ಬೆಲೆಯೂ ಹಂಚಿಕೆಯೂ ಪೂರ್ತಿ ಸರ್ಕಾರದ ಹಿಡಿತದಲ್ಲಿದ್ದವು. ಪರ್ಮಿಟ್ ಇಲ್ಲದೆ ಚೀಲ ಇಲ್ಲ. ಜನವರಿಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ರಾಜೀನಾಮೆ ಕೊಟ್ಟರು. ಸಿಮೆಂಟ್ ಹಂಚಿಕೆಗೂ ಟ್ರಸ್ಟುಗಳಿಗೆ ಬಂದ ದೇಣಿಗೆಗೂ ನಂಟಿದೆ ಎಂಬ ಪ್ರಕರಣದಲ್ಲಿ ಬಾಂಬೆ ಹೈಕೋರ್ಟಿನ ತೀರ್ಪು ಅವರ ವಿರುದ್ಧ ಬಂದಿತ್ತು. ಚೀಲಕ್ಕೆ ಅಷ್ಟು ಬೆಲೆ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಫೆಬ್ರವರಿ 28ರಂದು ಕೇಂದ್ರ ಸರ್ಕಾರ ಹಿಡಿತವನ್ನು ಅರ್ಧಂಬರ್ಧ ಸಡಿಲಿಸಿತು. ಹಳೆಯ ಕಾರ್ಖಾನೆಗಳು ಸುಮಾರು ಮೂರನೇ ಎರಡು ಪಾಲನ್ನು ಲೆವಿಯಾಗಿ ನಿಗದಿತ ಬೆಲೆಗೆ ಕೊಡಬೇಕು, ಉಳಿದದ್ದನ್ನು ಬಯಲು ಮಾರುಕಟ್ಟೆಯಲ್ಲಿ ಮಾರಿಕೊಳ್ಳಬಹುದು. ಪೂರ್ತಿ ಬಿಡುಗಡೆ ಸಿಕ್ಕಿದ್ದು 1989ರ ಮಾರ್ಚಿನಲ್ಲಿ.

ಹಾಗಾಗಿ 1982ರ ದಾಸ್ತಾನು ಪುಸ್ತಕದಲ್ಲಿ ಒಂದೇ ಸಿಮೆಂಟಿಗೆ ಎರಡು ದರ ಕಂಡರೆ ಗಾಬರಿ ಬೇಡ. ಒಂದು ಲೆವಿ ದರ, ಇನ್ನೊಂದು ಅಂಗಡಿ ದರ. ಸರಾಸರಿ ತೆಗೆದು ಒಂದೇ ಅಂಕಿ ಅಚ್ಚು ಹಾಕಿದರೆ ಆ ವರ್ಷದ ಕಥೆಯೇ ಅಳಿಸಿಹೋಗುತ್ತದೆ. ಎರಡನ್ನೂ ಬಿಲ್ಲಿನಿಂದಲೇ ಬರೆದುಕೊಳ್ಳಿ. ಹಿರಿಯ ಮೇಸ್ತ್ರಿಗಳ ಬಾಯಿಂದ ಬರುವ ದರ ಹತ್ತು ವರ್ಷ ಆಚೀಚೆ ಆಗಿರುತ್ತದೆ.

ಪರ್ಮಿಟ್ ಪದ್ಧತಿ ಕಟ್ಟಡದ ಗಟ್ಟಿತನವನ್ನೂ ತಿಂದಿತ್ತು, ಇದು ಸಂಚಿಕೆಗಳಲ್ಲಿ ಬರುವುದೇ ಇಲ್ಲ. ಬೇಕಾದಾಗ ಸಿಗದು ಎಂದು ಸಿಕ್ಕಾಗಲೇ ತಂದು ಕೂಡಿಡುತ್ತಿದ್ದರು. ಆಗಿನದ್ದು ಸೆಣಬಿನ ಗೋಣಿಚೀಲ, ತೇವಕ್ಕೆ ಅಡ್ಡಿಯೇ ಇಲ್ಲ. ಮೂರು ತಿಂಗಳು ಇಟ್ಟ ಸಿಮೆಂಟು ಸುಮಾರು 20 ಶೇಕಡಾ ಬಲ ಕಳೆದುಕೊಳ್ಳುತ್ತದೆ, ಆರು ತಿಂಗಳಿಗೆ ಸುಮಾರು 30. ನಿಯಮ ಗೊತ್ತಿದ್ದವರು ನೆಲದಿಂದ ಆರೆಂಟು ಇಂಚು ಎತ್ತರಕ್ಕೆ ಹಲಗೆ ಹಾಸಿ, ಗೋಡೆಯಿಂದ ಎರಡಡಿ ಬಿಟ್ಟು, ಹತ್ತು ಚೀಲಕ್ಕಿಂತ ಮೇಲೆ ಪೇರಿಸದೆ, ಮೊದಲು ಬಂದದ್ದನ್ನು ಮೊದಲು ಖರ್ಚು ಮಾಡುತ್ತಿದ್ದರು. ಹತ್ತಕ್ಕಿಂತ ಮೇಲೇರಿಸಿದರೆ ಅಡಿಯ ಚೀಲ ಭಾರಕ್ಕೆ ಅದುಮಿ ಗಟ್ಟಿಯಾಗುತ್ತದೆ. ಅಂಥ ಉಂಡೆಯನ್ನು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ, ಅದು ಬಳಕೆಗೆ ಬರುತ್ತದೆ. ತೇವ ಹೀರಿ ಕಲ್ಲಾದದ್ದು ಪುಡಿಯಾಗುವುದಿಲ್ಲ. ಅದನ್ನು ಜಜ್ಜಿ ಜರಡಿ ಹಿಡಿದು ಮೋಲ್ಡಿಗೆ, ಅಂದರೆ ತಾರಸಿಯ ಕಾಂಕ್ರೀಟಿಗೆ, ಸುರಿದವರ ಮನೆಯ ತಾರಸಿ ಮುಂದೆ ಸೋರಿದರೆ ದೂರು ಮೇಸ್ತ್ರಿಯ ಮೇಲೆ ಬರುತ್ತಿತ್ತು.

ಪುಸ್ತಕ ನಂಬಬಹುದೇ ಎಂದು ತಾಳೆ ನೋಡುವುದು ಸುಲಭ. ಹತ್ತು ಚದರದ ಮನೆ, ಅಂದರೆ ಸಾವಿರ ಚದರಡಿ. ನಾಲ್ಕೂವರೆ ಇಂಚಿನ ಮೋಲ್ಡು ಅಂದರೆ 375 ಘನ ಅಡಿ, ಸುಮಾರು 10.6 ಘನ ಮೀಟರ್. ಒಂದು ಪಾಲು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿಯ ಮಿಶ್ರಣಕ್ಕೆ ಘನ ಮೀಟರಿಗೆ 50 ಕಿಲೋದ 6.4 ಚೀಲ ಹಿಡಿಯುತ್ತದೆ. ಒಟ್ಟು 68 ಚೀಲ, ತೊಲೆ ಬೇರೆ. ಪುಸ್ತಕದಲ್ಲಿ ನಲವತ್ತೈದೇ ಇದ್ದರೆ ಮೋಲ್ಡು ತೆಳ್ಳಗಾಗಿದೆ, ಇಲ್ಲವೇ ಮರಳು ಹೆಚ್ಚು ಬಿದ್ದಿದೆ. ಚೀಲಕ್ಕೆ ಸರಿಯಾದ ಅಳತೆ ಪೆಟ್ಟಿಗೆ ಅಡಿ ಅಗಲ, ಅಡಿ ಉದ್ದ, ಹದಿನೈದು ಇಂಚು ಎತ್ತರ, ಅಂದರೆ ಸುಮಾರು 35 ಲೀಟರ್. ಪೆಟ್ಟಿಗೆ ಬಿಟ್ಟು ಬಾಂಡ್ಲಿ ಲೆಕ್ಕದಲ್ಲಿ ಕಲಸಿದ ಕಡೆಯೆಲ್ಲ ಲೆಕ್ಕ ತಪ್ಪುತ್ತದೆ. ಒದ್ದೆ ಮರಳು ಉಬ್ಬಿರುತ್ತದೆ, ಬಾಂಡ್ಲಿಯನ್ನು ಒಬ್ಬರು ತಲೆತಟ್ಟಿ ತುಂಬುತ್ತಾರೆ, ಇನ್ನೊಬ್ಬರು ಗೋಪುರ ಕಟ್ಟುತ್ತಾರೆ.

ಲೋಕೋಪಯೋಗಿ ಇಲಾಖೆಯ ಕೆಲಸವಾದರೆ ಲೆಕ್ಕ ಬೇರೆ. ಇಲಾಖೆಯೇ ಉಗ್ರಾಣದಿಂದ ಸಿಮೆಂಟ್ ಕೊಟ್ಟು, ಬಿಲ್ಲಿನಲ್ಲಿ ಅದರ ದುಡ್ಡು ಮುರಿದುಕೊಳ್ಳುತ್ತಿತ್ತು. ಎಂ.ಬಿ., ಅಂದರೆ ಇಲಾಖೆಯ ಅಳತೆ ಪುಸ್ತಕದ ಪ್ರಕಾರ ಖರ್ಚಾಗಬೇಕಾದದ್ದಕ್ಕಿಂತ ಹೆಚ್ಚು ಎತ್ತಿದ್ದರೆ ದಂಡದ ದರ. ಆ ಮುರಿತವನ್ನು ನಷ್ಟ ಎಂದು ಓದಿ, ಕಂಪನಿಗೆ ಕೆಟ್ಟ ವರ್ಷ ಎಂದು ಷರಾ ಬರೆದುಬಿಡಬೇಡಿ.

ಕೂಲಿಯ ಕಡೆ ಬರೋಣ. ಏಷ್ಯನ್ ಕ್ರೀಡಾಕೂಟ ಅಂದರೆ ಅಪ್ಪು ಆನೆಮರಿ, ಪಿ.ಟಿ. ಉಷಾ ಗೆದ್ದ ಎರಡು ಬೆಳ್ಳಿ, ಬಣ್ಣದ ಟಿವಿ ನೆನಪಾಗುತ್ತವೆ. ಕಟ್ಟಡ ಕಂಪನಿಯ ಪುಟಕ್ಕೆ ಬೇಕಾದದ್ದು ಅದಲ್ಲ, 1982ರ ಸೆಪ್ಟೆಂಬರ್ 18ರ ಸುಪ್ರೀಂ ಕೋರ್ಟ್ ತೀರ್ಪು. ಕ್ರೀಡಾಂಗಣಗಳನ್ನು ಕಟ್ಟುತ್ತಿದ್ದ ಕೆಲಸಗಾರರ ಪರವಾಗಿ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ತಂದಿದ್ದ ಪ್ರಕರಣ ಅದು. ದಿನಕ್ಕೆ 9 ರೂಪಾಯಿ 25 ಪೈಸೆ ಕನಿಷ್ಠ ಕೂಲಿ. ಗುತ್ತಿಗೆದಾರರು ಅದನ್ನು ಆಳುಗಳನ್ನು ಕರೆತರುವ ಜಮಾದಾರರ ಕೈಗೆ ಕೊಡುತ್ತಿದ್ದರು, ಜಮಾದಾರ ತಲೆಗೆ ಒಂದು ರೂಪಾಯಿ ಕಮಿಷನ್ ಹಿಡಿದು ಉಳಿದದ್ದನ್ನು ಹಂಚುತ್ತಿದ್ದ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಭಗವತಿಯವರ ಪೀಠ ಹೇಳಿತು. ಕಟ್ಟಡದ ಕೆಲಸ ಅಪಾಯದ ಕೆಲಸ, ಹದಿನಾಲ್ಕರೊಳಗಿನ ಮಕ್ಕಳನ್ನು ಹಚ್ಚಬಾರದು ಎಂದೂ ಹೇಳಿತು.

ಇದನ್ನು ಇಟ್ಟುಕೊಂಡು ನಿಮ್ಮ ಕಂಪನಿಯ ಬಟವಾಡೆ ಪುಸ್ತಕ ತೆರೆಯಿರಿ. ಶನಿವಾರದ ಬಟವಾಡೆಗೆ ಒಬ್ಬೊಬ್ಬರ ಹೆಬ್ಬೆಟ್ಟು ಇದೆಯೋ, ಇಡೀ ಗ್ಯಾಂಗಿಗೆ ಮೇಸ್ತ್ರಿಯದೊಂದೇ ಸಹಿ ಇದೆಯೋ? ಒಂದೇ ಸಹಿ ಇದ್ದರೆ ಕೈಗೆ ಎಷ್ಟು ಸೇರಿತು ಎಂದು ಪುಸ್ತಕ ಹೇಳುವುದಿಲ್ಲ. ಗಂಡಾಳು ಹೆಣ್ಣಾಳಿನ ಕೂಲಿ ಬೇರೆ ಬೇರೆ ಇದ್ದರೆ ಹಾಗೆಯೇ ಅಚ್ಚು ಹಾಕಿ. ಸಮಾನ ವೇತನದ ಕಾನೂನು 1976ರಿಂದಲೇ ಇತ್ತು. ಮುಜುಗರದ ಅಂಕಿ ಬಿಟ್ಟು ಮಾಲೆ ಹಾಕಿಸಿಕೊಂಡ ಫೋಟೊ ಮಾತ್ರ ಹಾಕಿದರೆ ಸಂಚಿಕೆಗೆ ಖರ್ಚು ಮಾಡಿದ ಕಾಗದ ದಂಡ.

ಅದೇ ವರ್ಷ ಗೋಕಾಕ್ ಚಳವಳಿ. ಡಾ. ರಾಜಕುಮಾರ್ ಇಳಿದ ಮೇಲೆ ಅದು ಊರೂರಿನ ಮಾತಾಯಿತು. ಅವರ ಫೋಟೊ ಅಂಟಿಸಿದರೆ ಪುಟ ತುಂಬುತ್ತದೆ, ನಿಜ. ಆದರೆ ಕೋಲಾರದ ಕಾಮಗಾರಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತವೆ. ಹಾಜರಿ ಪುಸ್ತಕ ಯಾವ ಲಿಪಿಯಲ್ಲಿದೆ, ಕಂಪನಿಯ ಬೋರ್ಡು, ಬಿಲ್ಲಿನ ತಲೆಬರಹ ಯಾವ ವರ್ಷ ಬದಲಾದವು ಎಂದು ಹುಡುಕಿ. ಹಳೆಯ ಲೆಟರ್‌ಹೆಡ್ಡುಗಳನ್ನು ತಾರೀಖಿನ ಸಾಲಿನಲ್ಲಿ ಜೋಡಿಸಿದರೆ ತಾನೇ ಕಾಣುತ್ತದೆ. ಬದಲಾಗದೇ ಇದ್ದರೆ ಅದೂ ಬರೆಯಬೇಕಾದದ್ದೇ.

ಟಿವಿಗೆ ಒಂದು ಸಾಲು ಸಾಕು.

ಕಡೆಗೆ ನೀರು. 1982 ದೇಶದ ಮಟ್ಟದಲ್ಲಿ ಮುಂಗಾರು ಕೈಕೊಟ್ಟ ವರ್ಷ. ನಿಮ್ಮ ಊರಿಗೆ ಅದು ತಾಗಿತ್ತೇ ಎಂದು ನಗದು ಪುಸ್ತಕದ ನೀರಿನ ಬಾಬ್ತು ಹೇಳುತ್ತದೆ. ಅದೇ ಹತ್ತು ಚದರದ ಮೋಲ್ಡಿನ ಮೇಲೆ ಪಾತಿ ಕಟ್ಟಿ ಎರಡಿಂಚು ನೀರು ನಿಲ್ಲಿಸಲು ಸುಮಾರು 4,700 ಲೀಟರ್ ಬೇಕು, ಅಂದರೆ 200 ಲೀಟರಿನ ಇಪ್ಪತ್ತಮೂರು ಇಪ್ಪತ್ತನಾಲ್ಕು ಡ್ರಮ್ಮು. ಇಂಗಿದ್ದನ್ನು ದಿನಾ ತುಂಬಬೇಕು, ಕನಿಷ್ಠ ಏಳು ದಿನ. ನೀರಿನ ಗಾಡಿಯ ಬಾಡಿಗೆ ಮೂರನೇ ದಿನಕ್ಕೇ ನಿಂತಿದ್ದರೆ ಎರಡು ಸಾಧ್ಯತೆ: ಮಳೆ ಬಂದಿರಬೇಕು, ಇಲ್ಲವೇ ಕ್ಯೂರಿಂಗ್, ಅಂದರೆ ಕಾಂಕ್ರೀಟು ಗಟ್ಟಿಯಾಗಲು ನೀರುಣಿಸುವುದನ್ನು, ಬಿಟ್ಟಿರಬೇಕು. ಮಳೆ ಬಂದಿತ್ತೇ ಎಂದು ತಿಳಿಯಲು ಆ ದಿನಗಳ ಹಾಜರಿ ನೋಡಿ. ಮಳೆಯ ದಿನ ಗಾರೆ ಕೆಲಸದವರ ಹಾಜರಿ ಖಾಲಿ ಇರುತ್ತದೆ. ಹಾಜರಿ ತುಂಬಿ, ನೀರಿನ ಬಾಬ್ತು ಖಾಲಿ ಇದ್ದರೆ ಆ ಕಟ್ಟಡ ಇನ್ನೂ ನಿಂತಿದೆಯೇ ನೋಡಿ, ತಾರಸಿ ಹತ್ತಿ ಬಿರುಕು ಹುಡುಕಿ, ಫೋಟೊ ಅಲ್ಲಿ ತೆಗೆಯಿರಿ.

ನಮಸ್ಕಾರ.