ಎಳಿಯೋ ಗಾಡಿ ಹುಡುಕಾಟ: ಮೊದಲ ಟ್ರೇಲರ್ ಕಾಟಾ ಮಾಡಿಸಿದ್ವಿ

ನಮಸ್ಕಾರ್ರಿ. ಇನ್ನಾ ಆರೂವರಿ ಆಗ್ಯಾದ ನೋಡ್ರಿ, ಕಲಬುರಗಿ ಒಳಗ ಆಗ್ಲೇ ಝಳ ಸುರು. ಏಪ್ರಿಲ್ ತಿಂಗಳು. ಹತ್ತು ಹೊಡಿಯೂದ್ರಾಗ ಹೊರಗಿನ ಶೂಟಿಂಗ್ ಮುಗಿಸ್ಬೇಕು, ಇಲ್ಲಂದ್ರ ಫೋನ್ ಕಾದು ತಾನೇ ಬಂದ್ ಆಗ್ತದ. ಹಿಂದ ಹಸರ ಬಣ್ಣದ್ದು ಕಾಣ್ಲಕತ್ತದಲ್ಲ, ಅದು ನಮ್ಮ ರೊಟ್ಟಿ ಟ್ರೇಲರ್. ನಾಕ್ ಭಟ್ಟಿ ಒಲಿ, ಹಿಟ್ಟಿನ ಪೆಟ್ಟಿಗಿ, ಎರಡು ಗ್ಯಾಸ್ ಸಿಲಿಂಡರ್, 500 ಲೀಟರಿನ ನೀರಿನ ಟಾಕಿ. ಜಾತ್ರಿ, ಮದುವಿ, ಎಲ್ಲಿ ಕರದ್ರೂ ಇದನ್ನ ತಗೊಂಡೇ ಹೋಗ್ತೀವಿ.

ಇಷ್ಟು ದಿನ ಪಿಕಪ್ ಬಾಡಿಗಿಗಿ ಹಿಡಿದು ಎಳಸ್ತಿದ್ವಿ, ಮನಿ ಮಂದಿ ಬಸ್ಸಿಗಿ ಬರ್ತಿದ್ರು. ಈಗ ಒಂದೇ ಗಾಡಿ ತಗೋಬೇಕಂತ ಮಾಡೀವಿ. ನಾನು, ನಮ್ಮ ಮನಿಯವ್ರು, ಅತ್ತಿ, ಮಾವ, ಎರಡು ಹುಡುಗ್ರು, ಆರು ಮಂದಿ ಕೂಡಬೇಕು, ಹಿಂದ ಟ್ರೇಲರೂ ಬರಬೇಕು. ಯಾರನ್ನ ಕೇಳಿದ್ರೂ ಒಂದೇ ಮಾತು. ಡೀಸಲ್ ತಗೋ, ಟಾರ್ಕ್ ನೋಡು, ಅಂದ್ರ ಗಾಲಿ ತಿರುಗಿಸೋ ಎಂಜಿನ್ ಬಲ, ಮುಗೀತು ಅಂತಾರ. ಮುಗಿಯಂಗಿಲ್ರಿ. ನಾವೂ ಹಂಗೇ ತಿಳ್ಕೊಂಡಿದ್ವಿ, ಜನವರಿ ತನಕ.

ಈಗ ಹುಮನಾಬಾದ ರಿಂಗ್ ರೋಡ್ ಕಡಿಗಿ ಹೊಂಟೀವಿ, ಕಾಟಾ ಮಾಡಿಸ್ಲಿಕ್ಕ, ಅಂದ್ರ ಟ್ರೇಲರ್ ತೂಕ ಮಾಡಿಸ್ಲಿಕ್ಕ. ಹೋಗೋ ತನಕ ಜನವರಿ ಸುದ್ದಿ ಹೇಳ್ತೀನಿ.

ಹುಮನಾಬಾದ ವೀರಭದ್ರೇಶ್ವರ ಜಾತ್ರಿಗಿ ಹೊಂಟಿದ್ವಿ. ಬಾಡಿಗಿ ಪಿಕಪ್ ಸಿಗಲಿಲ್ಲ, ನಮ್ಮ ಮೈದುನನ ಗಾಡಿ ಕೇಳಿ ತಂದ್ವಿ. ಅದಕ್ಕ ಬ್ಯಾರೆ ಚಾಸಿ, ಅಂದ್ರ ಕೆಳಗಿನ ಕಬ್ಬಿಣದ ಚೌಕಟ್ಟು ಇಲ್ಲ, ಬಾಡಿನೇ ಚಾಸಿ. ಊರಾಗಿನ ವೆಲ್ಡಿಂಗ್ ಅಂಗಡಿಯಾಗ ಹಿಂದ ಒಂದು ಕೊಂಡಿ ಹಚ್ಚಿಸಿದ್ರು. ಟಾಕಿ ತುಂಬ ನೀರು ತುಂಬಿದ್ವಿ, ಅಲ್ಲಿ ನೀರು ಸಿಗ್ತದೋ ಇಲ್ಲೋ ಅಂತ. ಕಮಲಾಪುರ ದಾಟಿದ್ವಿ. ದಾರಿ ಛಲೋ ಇತ್ತು, ಸ್ಪೀಡ್ 70 ಇತ್ತು. ಒಂದು ದೊಡ್ಡ ಲಾರಿ ಬಾಜೂಕ ರಭಸದಿಂದ ಹಾದು ಹೋಯ್ತು. ಅದರ ಗಾಳಿ ಹೊಡೆದ ಕೂಡ್ಲೇ ಟ್ರೇಲರಿನ ಬಾಲ ಆಡ್ಲಕತ್ತದ. ಮೊದಲ ಸಣ್ಣಗ, ಆಮ್ಯಾಲ ಎಡಕ್ಕ ಒಂದ್ಸಲ ಬಲಕ್ಕ ಒಂದ್ಸಲ, ನಮ್ಮ ಗಾಡಿನೇ ಎತ್ತಿ ಎತ್ತಿ ಒಗಿಯೋ ಹಂಗ. ಮನಿಯವ್ರು ಗಾಬರಿಯಾಗಿ ಬ್ರೇಕ್ ಒತ್ತಿದ್ರು, ಇನ್ನಾ ಜಾಸ್ತಿ ಆಯ್ತು. ಹಿಂದಿಂದ ಮಾವ ಒದರಿದ್ರು, "ಏ ತಮ್ಮಾ, ಬ್ರೇಕ್ ಬಿಡು! ಕಾಲ್ ತಗಿ! ಚಕ್ರ ನೆಟ್ಟಗ ಹಿಡಿ!" ಅಂತ. ಎಕ್ಸಿಲೇಟರ್ ಬಿಟ್ರು, ಸ್ಟೇರಿಂಗ್ ಅಲುಗಾಡಿಸಲಿಲ್ಲ, ತಾನೇ ಸಾವಕಾಶ ಶಾಂತ ಆಯ್ತು. ಬಾಜೂಕ ನಿಂದರಿಸಿ ನೋಡಿದ್ರ ಅತ್ತಿ ನನ್ನ ಕೈ ಹಿಡಿದ ಹಿಡಿತಕ್ಕ ನನ್ನ ಎರಡು ಬಳಿ ಒಡದಿದ್ವು. ಸಣ್ಣ ಮಗ ಮಾತೇ ಆಡಲಿಲ್ಲ ಒಂದು ತಾಸು.

ಟಾಕಿ ನಳ ಬಿಚ್ಚಿ ನೀರೆಲ್ಲ ಬಿಟ್ಟೇವಿ ಅಲ್ಲೇ. ಅಷ್ಟೊತ್ತಿಗಿ ಕುರಿ ಕಾಯೋ ಅಣ್ಣ ಒಬ್ಬ ಹಿಂಡು ಹೊಡ್ಕೊಂಡು ಬಂದ, ತಗ್ಗಿನಾಗ ನಿಂತ ನೀರು ಅವು ಕುಡಿದ್ವು. ಆ ನೀರು ಯಾರಿಗಾದ್ರೂ ದಕ್ಕಿತಲ್ಲ ಅನ್ನೋದೊಂದೇ ಸಮಾಧಾನ ಅವತ್ತು.

ಕಮಲಾಪುರ ಅಂದ ಮ್ಯಾಲ ಕೆಂಪು ಬಾಳಿಹಣ್ಣಿನ ಮಾತು ಬಿಡ್ಲಿಕ್ಕ ಆಗಂಗಿಲ್ಲ. ಜಿಐ ಟ್ಯಾಗ್, ಅಂದ್ರ ಇದು ಇದೇ ಊರಿಂದು ಅನ್ನೋ ಸರ್ಕಾರದ ಗುರ್ತು, ಸಿಕ್ಕ ಹಣ್ಣು ಅದು. ರೇಟು ಬ್ಯಾರೆ ಬಾಳಿಗಿಂತ ಜಾಸ್ತಿ, ಖರೆ, ಆದ್ರ ಒಂದು ತಿಂದ್ರ ಹೊಟ್ಟಿ ತುಂಬ್ತದ. ನಮ್ಮ ತೊಗರಿಬ್ಯಾಳಿಗೂ ಜಿಐ ಅದ, 2019ರಿಂದ. ಆದ್ರೂ ಊರು ಬಿಟ್ಟು ಹೊರಗ ಹೋದ್ರ… ಬಂತು ಬಂತು, ಕಾಟಾ ಬಂತು. ಇಳೀತೀನಿ.

ಇದು ಖಾಲಿ ತೂಕ, ಚೀಟಿ ನೋಡ್ರಿ. 920 ಕೇಜಿ. ಟ್ರೇಲರ್ ಮಾಡಿಕೊಟ್ಟವ್ರು ನಮಗ ಏನ್ ಹೇಳಿದ್ರು ಗೊತ್ತದ? "ಅಕ್ಕಾ, 700 ದಾಟಂಗಿಲ್ಲ" ಅಂದಿದ್ರು. ಈಗ ನೀರು, ಗ್ಯಾಸು, ಹಿಟ್ಟು, ತವಾ, ಟೇಬಲ್ ಎಲ್ಲಾ ಹಾಕಿ ಎರಡನೇ ಚೀಟಿ. 1,610. ಈ ಅಂಕಿ ನೋಡಿ ಮನಿಯವ್ರ ಮುಖ ಹೆಂಗಾಯ್ತು ನೋಡ್ರಿ. ಎರಡು ವರ್ಷ ಇದನ್ನ ಏಳೆಂಟ್ನೂರು ಕೇಜಿ ಅಂತ ತಿಳ್ಕೊಂಡು ಎಳಿಸೀವಿ. ನನಗ ಸಿಟ್ಟು ಬಂದಾದ, ಖರೇನೇ ಸಿಟ್ಟು ಬಂದಾದ. ತೂಕ ಸುಳ್ಳು ಹೇಳೋದು ಅಂದ್ರ ನಮ್ಮ ಹುಡುಗ್ರ ಜೀವದ ಜೋಡಿ ಆಟ ಆಡಿದಂಗ. ಒಂದು ಕಾಟಾ ಮಾಡಿಸಿ ಚೀಟಿ ಕೈಯಾಗ ಕೊಟ್ಟಿದ್ರ ಅವ್ರ ಗಂಟು ಏನ್ ಹೋಗ್ತಿತ್ತು? ಇಲ್ಲಿ ಕಾಟಾಕ್ಕ ನಾವು ಕೊಟ್ಟಿದ್ದು 80 ರೂಪಾಯಿ. ಟ್ರೇಲರ್, ತಳ್ಳೋ ಬಂಡಿ, ಏನೇ ಮಾಡಿಸ್ರಿ, ಪೂರ್ತಿ ರೊಕ್ಕ ಕೊಡೋಕಿಂತ ಮೊದಲ ಕಾಟಾ ಚೀಟಿ ಇಸ್ಕೋರಿ.

ಇನ್ನೊಂದು ತೂಕ ಅದ, ಅದು ಇನ್ನಾ ಮುಖ್ಯ. ಟ್ರೇಲರಿನ ಮೂತಿ ಗಾಡಿ ಕೊಂಡಿ ಮ್ಯಾಲ ಎಷ್ಟು ಒತ್ತತದ ಅನ್ನೋದು. ಒಟ್ಟು ತೂಕದ ನೂರಕ್ಕ ಹತ್ತರಷ್ಟು ಇದ್ರ ಛಲೋ ಅಂತಾರ, ನಮಗ ಸುಮಾರು 160 ಬರಬೇಕು. ಗಂಜಿನಾಗ, ಅಂದ್ರ ಕಾಳು-ಕಡಿ ಮಾರೋ ಪ್ಯಾಟ್ಯಾಗ, ಅಡತಿ ಅಂಗಡಿ ಮಾವನ ಗೆಳೆಯಾರದು, ಚೀಲ ತೂಗೋ ತಕ್ಕಡಿ ಮ್ಯಾಲ ಮೂತಿ ಇಟ್ಟೀವಿ. ಬರೇ 40. ಟಾಕಿ ಕೂಡಿಸ್ಯಾರ ಹಿಂದಿನ ತುದಿಗಿ, 500 ಕೇಜಿ ನೀರು ಗಾಲಿ ಹಿಂದ ಜೋತು ಬಿದ್ದದ, ಮೂತಿ ಎತ್ತಲಕತ್ತದ.

ನಾ ಇದನ್ನೆಲ್ಲ ಓದಿ ಓದಿ ಹೇಳಿದ್ರ ಮಾವ ಒಂದೇ ಮಾತಿನಾಗ ಮುಗಿಸಿದ್ರು. "ಹಿಂಭಾರ ಆಗ್ಯಾದ ಅನ್ನು." ಎತ್ತಿನ ಬಂಡಿ ಹೊಡದವ್ರಿಗಿ ಇದೆಲ್ಲ ಹೇಳಿಕೊಡೋದು ಬ್ಯಾಡ. ಹಿಂಭಾರ ಆದ್ರ ಮೂಕಿ, ಅಂದ್ರ ನೊಗ ಕಟ್ಟೋ ಬಂಡಿ ಮುಂದಿನ ಕಟ್ಟಿಗಿ, ಏಳ್ತದ, ನೊಗ ಎತ್ತಿನ ಕೊರಳಿಗಿ ಹತ್ತತದ. ಮುಂಭಾರ ಜಾಸ್ತಿ ಆದ್ರ ಎತ್ತಿನ ಹೆಗಲು ಹುಣ್ಣಾಗ್ತದ. ಚೀಲ ಹೇರೋವಾಗ ಮೂಕಿ ಕೈಲೇ ಎತ್ತಿ ನೋಡಿ, ಸೊಲ್ಪ ಮುಂಭಾರ ಇಟ್ಟು ಹೂಡ್ತಿದ್ರಂತ. ನಮ್ಮ ಮಾವನ ಕೈಯಾಗ ಇದ್ದ ಲೆಕ್ಕನೇ ಇದು.

ಸರಿ, ಗಾಡಿಗಳು. ನನ್ನ ಮನಸ್ಸು ಮೊದಲ ದಿನದಿಂದ ಇನ್ನೋವಾ ಕ್ರಿಸ್ಟಾ ಮ್ಯಾಲ. ಲ್ಯಾಡರ್ ಚಾಸಿ, ಅಂದ್ರ ಏಣಿ ಹಂಗಿರೋ ಬ್ಯಾರೆ ಚೌಕಟ್ಟು, ಎಂಜಿನ್ ಹಿಂದಿನ ಗಾಲಿ ತಿರುಗಿಸ್ತದ, 2.4 ಲೀಟರ್ ಡೀಸಲ್, 150 ಪಿಎಸ್ ಪವರ್, 343 ಎನ್‌ಎಂ ಟಾರ್ಕ್. ಇನ್ನೋವಾ ಹೈಕ್ರಾಸ್ ಅದರ ತಂಗಿ ಅಲ್ಲ, ಬ್ಯಾರೆ ಮನಿತನ. ಅದು ಮುಂದಿನ ಗಾಲಿ ಮ್ಯಾಲ ಎಳೀತದ. ಕೊಂಡಿ ಮ್ಯಾಲ 160 ಕೇಜಿ ಕೂತ್ರ ಹಿಂದ ಕುಸೀತದ, ಮುಂದ ಹಗುರ ಆಗ್ತದ, ಎಳಿಯೋ ಗಾಲಿನೇ ಹಗುರಾದ್ರ ಹೆಂಗ? ದಿನಾ ಓಡಾಡ್ಲಿಕ್ಕ ಭಾಳ ಛಲೋ ಗಾಡಿ, ನಮ್ಮ ಕೆಲಸಕ್ಕಲ್ಲ.

ಬೊಲೆರೋ ನಮ್ಮ ಕಡಿ ದೇವ್ರಿದ್ದಂಗ, ಎರಿ ಹೊಲದಾಗೂ ಹೋಗ್ತದ. ಆದ್ರ 210 ಎನ್‌ಎಂ ಒಳಗ ಆರು ಮಂದಿ ಜೋಡಿ ಈ ಟ್ರೇಲರ್, ಏರಿನಾಗ ನಾ ಕೂಡಂಗಿಲ್ಲ. ಇಸುಝು ವಿ-ಕ್ರಾಸ್ ಪಿಕಪ್ ಎಳೀತದ, 360 ಎನ್‌ಎಂ, ಆದ್ರ ಐದೇ ಸೀಟು. ಆರನೇದವ್ರನ್ನ ಎಲ್ಲಿ ಕೂಡಿಸ್ಲಿ? ಫಾರ್ಚುನರ್ ಆಟೋಮ್ಯಾಟಿಕ್ 500 ಎನ್‌ಎಂ, ಆಸೆ ಅದ, ಆದ್ರ ನಮ್ಮ ರಾಜ್ಯದಾಗ 20 ಲಕ್ಷ ದಾಟಿದ ಗಾಡಿಗಿ ಲೈಫ್ ಟ್ಯಾಕ್ಸೇ ನೂರಕ್ಕ 18. ರೊಟ್ಟಿ ಬಡದು ಆ ರೊಕ್ಕ ತೀರಂಗಿಲ್ಲ.

ಉಳೀತು ಸ್ಕಾರ್ಪಿಯೋ-ಎನ್. ಡೀಸಲ್ ಮ್ಯಾನುಯಲ್ 370 ಎನ್‌ಎಂ, ಆಟೋಮ್ಯಾಟಿಕ್ 400. ಬುಡದ ಮಾಡೆಲ್ಲಿನಾಗ 300 ಮಾತ್ರ, ಹೆಸರು ಒಂದೇ ಅಂತ ಮೋಸ ಹೋಗಬ್ಯಾಡ್ರಿ. ಇದೇ ಗಾಡಿ ಆಸ್ಟ್ರೇಲಿಯಾದಾಗ ಮಾರ್ತಾರ, ಅಲ್ಲಿ ಬ್ರೇಕ್ ಇರೋ ಟ್ರೇಲರ್ ಆದ್ರ 2,500 ಕೇಜಿ, ಬ್ರೇಕ್ ಇಲ್ದಿದ್ರ 750 ಅಂತ ಕಂಪನಿನೇ ಬರದು ಕೊಡ್ತದ. ಎಂಜಿನ್ ಅದೇ, ಚಾಸಿ ಅದೇ, ಆದ್ರ ಟ್ರೇಲರಿಗಿ ಬ್ರೇಕ್ ಇಲ್ದಿದ್ರ ಅಂಕಿ ಎಲ್ಲಿಗಿ ಇಳೀತು ನೋಡ್ರಿ. ನಮ್ಮದಕ್ಕ ಬ್ರೇಕೇ ಇಲ್ಲ. 1,610 ಕೇಜಿ, ಬ್ರೇಕ್ ಇಲ್ಲ. ಇಷ್ಟು ದಿನ ಗಾಡಿ ಬ್ರೇಕ್ ಒಂದೇ ಎರಡರ ಕೆಲಸ ಮಾಡ್ಯಾದ.

ಆ ಅಂಕಿ ಅಲ್ಲಿಂದು, ಅಲ್ಲಿ ಮಾಡೆಲ್ಲಿಂದು, ಇಲ್ಲಿಗಿ ಹಂಗೇ ಹಚ್ಲಿಕ್ಕ ಬರಂಗಿಲ್ಲ. ಅದಕ್ಕೇ ಮೂರು ಶೋರೂಮ್ ತಿರುಗಿದ್ವಿ. ಎಲ್ಲಾ ಕಡಿ ಒಂದೇ ಪ್ರಶ್ನಿ ಕೇಳಿದೆ. "ಟ್ರೇಲರ್ ಎಷ್ಟು ಕೇಜಿ ಎಳೀಬಹುದು, ಬರದು ಕೊಡ್ತೀರೇನ್ರಿ?" ಒಬ್ಬ ಹುಡುಗ "ಮೇಡಂ, ಆರಾಮ್ ಎಳೀತದ" ಅಂದ. ಎಷ್ಟು? "ಎಷ್ಟಾದ್ರೂ." ಎಷ್ಟಾದ್ರೂ ಅನ್ನೋದು ಉತ್ತರ ಅಲ್ಲ ತಮ್ಮಾ. ಇನ್ನೊಂದು ಕಡಿ ಸನ್‌ರೂಫ್ ನಾಕ್ ಸಲ ತೆಗೆದು ತೋರಿಸಿದ್ರು. ಮೂರನೇ ಕಡಿ ಒಬ್ರು ಅಕ್ಕ ಇದ್ರು, ಅವ್ರು "ನನಗ ಗೊತ್ತಿಲ್ರಿ, ಕಂಪನಿಗಿ ಮೇಲ್ ಹಾಕಿ ಶನಿವಾರ ಹೇಳ್ತೀನಿ" ಅಂದ್ರು. ಗೊತ್ತಿಲ್ಲ ಅಂದವ್ರ ಮ್ಯಾಲೇ ನನಗ ನಂಬಿಕಿ ಬಂತು.

ಅತ್ತಿ ಸ್ಕಾರ್ಪಿಯೋ ಏರ್ಲಕತ್ತಾರ, ನೋಡ್ರಿ. ಮೊಣಕಾಲು ಬ್ಯಾನಿ, ಎತ್ತರ ಭಾಳ ಆಗ್ಯಾದ. "ಯವ್ವಾ, ಇದು ಗಾಡಿಯೋ ಮಾಳಿಗಿಯೋ" ಅಂದ್ರು. ಕ್ರಿಸ್ಟಾ ಒಳಗ ಒಂದೇ ಸಲಕ್ಕ ಕೂತಿದ್ರು, ಇಳೀಲಿಕ್ಕ ಮನಸ್ಸಿರಲಿಲ್ಲ. ಅಲ್ಲೇ ನನ್ನ ಮನಸ್ಸು ಮತ್ತ ಕ್ರಿಸ್ಟಾಕ್ಕ ಹೋಯ್ತು. ಮುಂಜಾನಿಂದ ಮೂರು ಸಲ ಬದಲಾಗ್ಯಾದ, ಗೊತ್ತದ ನನಗ.

ಕೂತವ್ರ ತೂಕನೂ ಲೆಕ್ಕ ಅದ. ಆರು ಮಂದಿ, ಬ್ಯಾಗು, ಕೊಂಡಿ ಮ್ಯಾಲಿನ 160, ಎಲ್ಲಾ ಕೂಡಿ ಆ ಗಾಡಿ ಹೊರೋ ಮಿತಿ ಒಳಗೇ ಬರಬೇಕು. ಟಾರ್ಕ್ ಎಷ್ಟೇ ಇರಲಿ, ಆ ಮಿತಿ ದಾಟಿದ್ರ ಟೈರು, ಸ್ಪ್ರಿಂಗು ಕೇಳಂಗಿಲ್ಲ. ನಮ್ಮ ಕಡಿ ಬಿಸಲು ಬ್ಯಾರೆ. 43 ಡಿಗ್ರಿ ಒಳಗ ಭಾರ ಎಳದ್ರ ಆಟೋಮ್ಯಾಟಿಕ್ ಗೇರಿನ ಎಣ್ಣಿ ಕಾಯ್ತದ, ಅದಕ್ಕೇ ನಾವು ಮ್ಯಾನುಯಲ್ ಅಂತ ಮಾಡೀವಿ.

ಟ್ರೇಲರಿಗಿ ಬ್ಯಾರೆ ನೋಂದಣಿ ಬೇಕು, ಗಾಡಿ ಆರ್‌ಸಿ ಅದಕ್ಕ ನಡಿಯಂಗಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಒಳಗ ಟ್ರೇಲರ್ ಅಂದ್ರೂ ಒಂದು ವಾಹನನೇ. ನಮ್ಮದಕ್ಕ ಕೆಎ-32 ನಂಬರ್ ಮಾಡಿಸೀವಿ, ಹಿಂದ ಕಾಣ್ತದ.

ಈಗ ಸಂಜಿ ಐದು, ಬ್ಯಾರೆ ವರ್ಕ್‌ಶಾಪಿಗಿ ಬಂದೀವಿ. ಟಾಕಿ ಬಿಚ್ಚಲಕತ್ತಾರ. 500 ಲೀಟರಿಂದು ತಗಿಸಿ 200 ಲೀಟರಿಂದು ಗಾಲಿಗಿಂತ ಸೊಲ್ಪ ಮುಂದ ಕೂಡಿಸ್ತಾರ, ಅದನ್ನೂ ಜಾತ್ರಿ ಮುಟ್ಟಿದ ಮ್ಯಾಲೇ ತುಂಬೋದು. ದಾರಿ ಮ್ಯಾಲ ನೀರು ಹೊತ್ಕೊಂಡು ಹೋಗೋದು ಇನ್ನ ಬಂದ್. ಅಲ್ಲಿಗೇ 500 ಕೇಜಿ ಇಳೀತು, 1,110ಕ್ಕ ಬಂತು. ಓವರ್‌ರನ್ ಬ್ರೇಕೂ ಹಾಕಸ್ತೀವಿ. ಮುಂದಿನ ಗಾಡಿ ತಡದಾಗ ಟ್ರೇಲರ್ ಮುಂದಕ್ಕ ನೂಕ್ತದಲ್ಲ, ಆ ನೂಕೋ ಬಲದ ಮ್ಯಾಲೇ ಅದರ ಗಾಲಿ ಬ್ರೇಕ್ ಹಿಡೀತದ. ಕೊಂಡಿ ಕೆಳಗ ಎರಡು ಸರಪಳಿ, ಅಡ್ಡಡ್ಡ.

1,110 ಕೇಜಿ, ಬ್ರೇಕ್ ಜೋಡಿ ಅಂದ್ರ ಕ್ರಿಸ್ಟಾ ಮತ್ತ ಲೆಕ್ಕದಾಗ ಬಂತು, ಅತ್ತಿಗಿ ಈಗೇ ಖುಷಿ. ಶನಿವಾರ ಆ ಅಕ್ಕ ಫೋನ್ ಮಾಡ್ತಾರ. ಇನ್ನೊಂದು ಗಾಡಿ ಸುದ್ದಿನೂ ಅದರ ಶೋರೂಮಿನಾಗ ಕೇಳೀನಿ, ಯಾವುದಕ್ಕ ಬರದು ಕೊಡ್ತಾರೋ ಅದಕ್ಕೇ ಅಡ್ವಾನ್ಸ್.

ಮಾವ ಮೂತಿ ಎತ್ತಿ ನೋಡ್ಲಕತ್ತಾರ, ಹಿಡೀ ಕ್ಯಾಮೆರಾ ಅತ್ತಾಗ. "ಹ್ಞಾಂ, ಈಗ ಮುಂಭಾರ ಬಂತು" ಅಂತ. ತಕ್ಕಡಿ ಮ್ಯಾಲ ಇಡ್ಲಿಕ್ಕ ನಾಳಿ ಮುಂಜಾನೆ ಗಂಜಿಗಿ ಹೋಗ್ತೀವಿ, ಎಷ್ಟು ಬಂತು ಅಂತ ತೋರಿಸ್ತೀನಿ. ಬ್ಯಾಟ್ರಿ ಎರಡೇ ಪರ್ಸೆಂಟ್ ಅದ, ಬರ್ತೀನ್ರಿ.