ಹೊರುವ ಪೋರ್ಟ್, ಹಡಗು ನಿಲ್ಲುವ ಪೋರ್ಟ್

ಕೇಳುಗ ಬಂಧುಗಳಿಗೆ ನಮಸ್ಕಾರ.

ನಮ್ಮ ತೋಟಗಳ ಕಾಫಿ ಹಾಸನದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಸನಾಗಿ, ಶಿರಾಡಿ ಘಾಟಿ ಇಳಿದು, ಮಂಗಳೂರಿನಲ್ಲಿ ಹಡಗು ಹತ್ತಿದರೆ ಅದು ಎಕ್ಸ್‌ಪೋರ್ಟ್. ಘಾಟಿ ಇಳಿಸಿದ ಲಾರಿಯ ಕೆಲಸ ಟ್ರಾನ್ಸ್‌ಪೋರ್ಟ್. ಹೊರದೇಶದಿಂದ ಗೊಬ್ಬರ ಬಂದರೆ ಇಂಪೋರ್ಟ್. ಮೂರರಲ್ಲೂ ಪಿ, ಓ, ಆರ್, ಟಿ ಎಂಬ ನಾಲ್ಕು ಅಕ್ಷರಗಳು ಅದೇ ಸಾಲಿನಲ್ಲಿ ಕೂತಿವೆ. ಲ್ಯಾಟಿನ್ ಭಾಷೆಯಲ್ಲಿ ‘ಪೋರ್ತಾರೆ’ ಎಂದರೆ ಹೊರುವುದು, ಹೊತ್ತೊಯ್ಯುವುದು. ‘ಎಕ್ಸ್’ ಹೊರಗೆ, ‘ಇಮ್’ ಒಳಗೆ, ‘ಟ್ರಾನ್ಸ್’ ಆಚೆಗೆ. ಇಷ್ಟು ತಿಳಿದ ಮಗುವಿಗೆ ಮೂರು ಪದಗಳನ್ನು ಬಾಯಿಪಾಠ ಮಾಡುವ ಸಂಕಟವೇ ಇಲ್ಲ. ಎಡಕ್ಕೆ ಪದ, ಬಲಕ್ಕೆ ಅರ್ಥ ಬರೆಸಿ ಉರು ಹೊಡೆಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆ ಮುಗಿದ ವಾರಕ್ಕೆ ಅದೆಲ್ಲ ಮರೆತುಹೋಗುತ್ತದೆ.

ಗೋದಾಮಿನಲ್ಲಿ ಹಮಾಲರು ಕೆಲಸ ಮಾಡುವುದನ್ನು ನಿಂತು ನೋಡಿ. ಒಬ್ಬರು ತಲೆಗೂ ಬೆನ್ನಿಗೂ ಗೋಣಿ ಹೊದ್ದು ಬಾಗಿ ನಿಲ್ಲುತ್ತಾರೆ. ಇಬ್ಬರು ಸೇರಿ ಪಾರ್ಚ್‌ಮೆಂಟ್, ಅಂದರೆ ತಿರುಳು ತೆಗೆದು ಒಣಗಿಸಿದ ಕಾಫಿ ಬೀಜದ ಚೀಲವನ್ನು ಎತ್ತಿ ಅವರ ಬೆನ್ನ ಮೇಲಿಡುತ್ತಾರೆ. ಭಾರ ಮೇಲೆ, ಅದನ್ನು ತಡೆದ ದೇಹ ಕೆಳಗೆ. ಸಪೋರ್ಟ್ ಎಂಬ ಪದದೊಳಗಿನ ಚಿತ್ರ ಇದೇ. ಮೊದಲಿನ ‘ಸಪ್’ ಮೂಲದಲ್ಲಿ ‘ಸಬ್’, ಅಂದರೆ ಕೆಳಗೆ. ಕೆಳಗೆ ನಿಂತು ಹೊರುವುದೇ ಆಸರೆ. ಹೊರುವ ಆ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಪೋರ್ಟರ್ ಎನ್ನುತ್ತಾರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಅಲ್ಲಿನ ಆಳುವವರ ಭಾಷೆಯಾಯಿತು. ಲ್ಯಾಟಿನ್ನಿನ ಇಂಥ ಎಷ್ಟೋ ಪದಗಳು ಇಂಗ್ಲಿಷಿಗೆ ಬಂದದ್ದು ಫ್ರೆಂಚಿನ ಮೂಲಕವೇ. ರಿಪೋರ್ಟ್ ಕೂಡ ಹಾಗೆ ಬಂದದ್ದು: ನೋಡಿದ್ದನ್ನು ಮರಳಿ ಹೊತ್ತುತಂದು ಒಪ್ಪಿಸುವುದು. ಮಂತ್ರಿಗಳ ಪೋರ್ಟ್‌ಫೋಲಿಯೊ ಮಾತ್ರ ಇಟಲಿಯಿಂದ ಬಂತು. ಅಲ್ಲಿ ಅದು ಕಾಗದದ ಹಾಳೆ ಒಯ್ಯುವ ಚೀಲ.

ಆದರೆ ಅಕ್ಷರ ಕಂಡಲ್ಲೆಲ್ಲ ಅರ್ಥ ಹೊಂದಿಸಿಬಿಡಬೇಡಿ. ಬಂದರು ಎಂಬರ್ಥದ ಪೋರ್ಟ್ ಬಂದದ್ದು ‘ಪೋರ್ತುಸ್’ ಎಂಬ ಬೇರೆ ಲ್ಯಾಟಿನ್ ಪದದಿಂದ. ಆಪರ್ಚುನಿಟಿ ಎಂಬ ಪದದ ಬರಹದಲ್ಲೂ ಇದೇ ನಾಲ್ಕು ಅಕ್ಷರಗಳಿವೆ. ಹಡಗನ್ನು ಬಂದರಿನ ಕಡೆಗೆ ತಳ್ಳುವ ಗಾಳಿಯಿಂದ ಹುಟ್ಟಿದ ಪದ ಅದು. ಹಾಯಿ ಕಟ್ಟಿ ಕಾದವರಿಗೆ ಅಂಥ ಗಾಳಿ ಬೀಸಿತೆಂದರೆ ಅದೇ ಸದವಕಾಶ! ಇಡೀ ಗುಂಪಿನಲ್ಲಿ ನನಗೆ ಅತಿ ಪ್ರಿಯವಾದ ಪದ ಇದು.

ಇನ್ನು ಭಾವಚಿತ್ರಕ್ಕೆ ಹೇಳುವ ಪೋರ್ಟ್ರೇಟ್. ಅದರಲ್ಲಿ ಹೊರುವುದೂ ಇಲ್ಲ, ಬಂದರೂ ಇಲ್ಲ. ಅದನ್ನು ‘ಪೋರ್’ ಮತ್ತು ‘ಟ್ರೇಟ್’ ಎಂದು ಒಡೆಯಬೇಕು. ಮುಂದಕ್ಕೆ ಎಳೆದು ತೋರಿಸುವುದು ಎಂಬುದು ಅದರ ಮೂಲ ಅರ್ಥ. ನಾಲ್ಕು ಅಕ್ಷರ ಪಕ್ಕಪಕ್ಕ ಬಂದದ್ದು ಬರೀ ಆಕಸ್ಮಿಕ. ಇಂಥದ್ದು ಎದುರಾದಾಗ ಪದದ ಹುಟ್ಟನ್ನು ಹೇಳುವ ನಿಘಂಟನ್ನೇ ತೆರೆಯಬೇಕು, ಊಹೆ ಸಾಲದು.

ಹಾಗಾದರೆ ಸ್ಪೋರ್ಟ್? ಅದು ಹೊರುವ ಪೋರ್ಟ್‌ನ ವಂಶವೇ. ಮನಸ್ಸನ್ನು ದುಡಿಮೆಯಿಂದ ಆಚೆ ಹೊತ್ತೊಯ್ಯುವುದು ಎಂಬರ್ಥದ ಹಳೆಯ ಫ್ರೆಂಚ್ ಪದದಿಂದ ಬಂದ ‘ಡಿಸ್‌ಪೋರ್ಟ್’, ತಲೆ ಕಳೆದುಕೊಂಡು ಸ್ಪೋರ್ಟ್ ಆಯಿತು. ನಮಸ್ಕಾರ.